ಕ್ಯಾಬಿನ್ ಕಿಂಡಿಯಿಂದ ಕಂಡ ಹಳೇ ಪಿಕ್ಚರು

(ತುಮಕೂರಿನಲ್ಲಿ ಹಳೇ ಸಿನಿಮಾ ಪ್ರಿಯರು ಸೇರಿದ್ದಾಗ, ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ಒಬ್ಬರು ಆಡಿದ ಮಾತುಗಳ ಬರಹ ರೂಪ)

ಹಳೇ ಸಿನಿಮಾ ಹುಚ್ಚಿನವರು ನಾಲ್ಕು ಜನ ಒಂದು ಕಡೆ ಸೇರಿದರೆ ಮೊದಲು ನಡೆಯೋದು ಪರೀಕ್ಷೆ. 'ಸತಿ ಸುಲೋಚನಾ ಯಾವ ವರ್ಷ?' ಅಂತ ಒಬ್ಬರು ಕೇಳುತ್ತಾರೆ. '1934' ಅಂತ ಇನ್ನೊಬ್ಬರು. 'ತಾರೀಖು ಹೇಳಿ ನೋಡೋಣ.' 'ಮಾರ್ಚ್ 3.' 'ಎಲ್ಲಿ?' 'ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರ, ಪ್ಯಾರಾಮೌಂಟ್.' ಅಷ್ಟರಲ್ಲಿ ಮೂರನೆಯವರು ಬಾಯಿ ಹಾಕುತ್ತಾರೆ, 'ಮೊದಲು ಶುರುವಾಗಿದ್ದು ಭಕ್ತ ಧ್ರುವ ಕಣ್ರೀ' ಅಂತ. ಅಲ್ಲಿಂದ ಜಗಳ.

ಈ ಜಗಳದಲ್ಲಿ ಇಬ್ಬರದೂ ಸರಿ. ಕೆಲಸ ಮೊದಲು ಶುರುವಾಗಿದ್ದು 'ಭಕ್ತ ಧ್ರುವ'ದ್ದು. ಟಾಕೀಸಿಗೆ ಮೊದಲು ಬಂದಿದ್ದು 'ಸತಿ ಸುಲೋಚನಾ'. ಆದರೆ ಜಗಳ ಆಡುವವರು ಯಾರೂ ಇನ್ನೊಂದು ಮಾತು ಕೇಳೋದಿಲ್ಲ. ಅದನ್ನು ತೆಗೆದಿದ್ದು ಎಲ್ಲಿ? ಕೊಲ್ಹಾಪುರದಲ್ಲಿ. ಕನ್ನಡದ ಮೊದಲ ಮಾತಿನ ಚಿತ್ರಕ್ಕೆ ಕನ್ನಡ ನಾಡಿನಲ್ಲಿ ಸ್ಟುಡಿಯೋ ಸಿಗಲಿಲ್ಲ. ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯ ನಾಯ್ಡು ಇಂದ್ರಜಿತು. ನಾಟಕದ ಮಂದಿ ಅಷ್ಟು ದೂರ ಹೋಗಿ ಮಾಡಿ ಬಂದರು. ನನಗೆ ತಾರೀಖಿಗಿಂತ ಆ ಪ್ರಯಾಣ ಮುಖ್ಯ ಅನ್ನಿಸುತ್ತದೆ.

ನಾನು ಬಹಳ ವರ್ಷ ಮಿಷನ್ ಬಿಡುತ್ತಿದ್ದವನು. ಟೆಂಟಿನಲ್ಲೂ ಮಾಡಿದ್ದೇನೆ, ಕಟ್ಟಡದ ಟಾಕೀಸಿನಲ್ಲೂ ಮಾಡಿದ್ದೇನೆ. ನೀವು ಪಿಕ್ಚರನ್ನು ಕೂತು ನೋಡಿದಿರಿ, ನಾನು ಕ್ಯಾಬಿನ್ ಕಿಂಡಿಯಿಂದ ನಿಂತು ನೋಡಿದೆ. ಕಿಂಡಿಯಿಂದ ಪರದೆ ಮಾತ್ರ ಕಾಣೋದಿಲ್ಲ, ಜನರ ತಲೆಗಳೂ ಕಾಣುತ್ತವೆ. ಯಾವ ಸೀನಿಗೆ ಎಷ್ಟು ಜನ ಬೀಡಿ ಸೇದೋಕೆ ಎದ್ದರು ಅನ್ನೋದು ಆಪರೇಟರ್‌ಗೆ ಗೊತ್ತಿರುವಷ್ಟು ಡೈರೆಕ್ಟರ್‌ಗೂ ಗೊತ್ತಿರೋದಿಲ್ಲ. ಹಾಗಾಗಿ ನನ್ನ ಅಭಿಪ್ರಾಯಗಳೆಲ್ಲ ಬೀಡಿ ಲೆಕ್ಕದ ಅಭಿಪ್ರಾಯಗಳು. ಪಂಡಿತರು ಒಪ್ಪದಿದ್ದರೆ ನನಗೇನೂ ಬೇಜಾರಿಲ್ಲ.

ಇವತ್ತು ನಾನು ಹೇಳಬೇಕು ಅಂತ ಬಂದಿರೋದು ಇಷ್ಟೇ. ಹೀರೋಗಳ ಬಗ್ಗೆ ಬೇಕಾದಷ್ಟು ಮಾತಾಡಿದ್ದೇವೆ. ಇನ್ನು ಟೈಟಲ್ ಕಾರ್ಡು ಓದೋಣ. ಅದರಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಹೆಸರುಗಳನ್ನು ಓದೋಣ. ಬೇರೆಯವರು ಬಿಟ್ಟರೂ ತುಮಕೂರಿನವರು ಬಿಡಬಾರದು.

ಟೈಟಲ್ ಕಾರ್ಡನ್ನು ನಮ್ಮ ಜನ ಓದಿದ್ದೇ ಕಮ್ಮಿ. ಟೆಂಟಿನ ದಿನಗಳನ್ನು ನೆನಪು ಮಾಡಿಕೊಳ್ಳಿ. ಘಂಟಸಾಲ ಅವರ 'ನಮೋ ವೆಂಕಟೇಶ' ರೆಕಾರ್ಡು ಹಾಕಿದರೆ ಇನ್ನೇನು ಪಿಕ್ಚರ್ ಶುರು ಅಂತ ಅರ್ಥ. ಮನೆಯಲ್ಲಿ ಮುದ್ದೆ ಮುರಿಯುತ್ತಾ ಕೂತವರು ಆ ಹಾಡು ಕೇಳಿ ಕೈ ತೊಳೆದು ಓಡಿ ಬರುತ್ತಿದ್ದರು. ಸೆನ್ಸಾರ್ ಸರ್ಟಿಫಿಕೇಟು ಬರುವ ಹೊತ್ತಿಗೆ ಅರ್ಧ ಜನ ಇನ್ನೂ ಗೇಟಿನಲ್ಲಿ. ಹೆಸರುಗಳು ಬರುವಾಗ ನೆಲದ ಟಿಕೆಟ್‌ನವರು ಮರಳು ಗುಡ್ಡೆ ಮಾಡಿಕೊಂಡು ಎತ್ತರಕ್ಕೆ ಕೂರುವ ಗಲಾಟೆಯಲ್ಲಿ ಇರುತ್ತಿದ್ದರು. ಹಿಂದಿನವನು 'ತಲೆ ಬಗ್ಗಿಸಯ್ಯ' ಅನ್ನುವಷ್ಟರಲ್ಲಿ ಬರೆದವರು, ಹಾಡಿದವರು, ಕ್ಯಾಮೆರಾ ಹಿಡಿದವರು ಎಲ್ಲ ಬಂದು ಹೋಗಿರುತ್ತಿದ್ದರು.

ಈಗ ಮನೆಯಲ್ಲೇ ನಿಲ್ಲಿಸಿ ನಿಲ್ಲಿಸಿ ನೋಡಬಹುದು. 1954ರ 'ಬೇಡರ ಕಣ್ಣಪ್ಪ' ಹಾಕಿ ನೋಡಿ. ಎಲ್ಲರಿಗೂ ಗೊತ್ತಿರೋದು ಅದು ಅಣ್ಣಾವ್ರು ಹೀರೋ ಆದ ಮೊದಲ ಚಿತ್ರ ಅಂತ. ಮುತ್ತುರಾಜನಿಗೆ ರಾಜ್‌ಕುಮಾರ್ ಅಂತ ಹೆಸರಿಟ್ಟಿದ್ದು ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅನ್ನೋದೂ ನಿಮಗೆಲ್ಲ ಗೊತ್ತು. ಆದರೆ ಆ ಚಿತ್ರ ಮಾಡಿದ್ದು ಯಾರು? ಗುಬ್ಬಿ ವೀರಣ್ಣನವರ ಸಂಸ್ಥೆ. ಮದರಾಸಿನ ಎವಿಎಂ ಅವರ ಜೊತೆ ಸೇರಿ ಮಾಡಿದ್ದು. ಅದರಲ್ಲಿ ಮೊದಲ ಸಲ ಪರದೆಗೆ ಬಂದ ಹಾಸ್ಯಗಾರ ಯಾರು? ನರಸಿಂಹರಾಜು. ಇಲ್ಲಿ ಅರಸೀಕೆರೆ ಕಡೆಯ ರೈಲು ಹತ್ತಿ ಕೂತರೆ ಮೊದಲು ಗುಬ್ಬಿ ಬರುತ್ತದೆ, ಆಮೇಲೆ ತಿಪಟೂರು. ದುಡ್ಡು ಹಾಕಿದವರು ಒಂದು ಸ್ಟೇಷನ್ನಿನವರು, ನಗಿಸಿದವರು ಇನ್ನೊಂದು ಸ್ಟೇಷನ್ನಿನವರು. ನಾವು ಮಾತ್ರ ಅದು ಮದರಾಸಿನ ಪಿಕ್ಚರ್ ಅಂತ ಸುಮ್ನೆ ಇದ್ದೇವೆ.

ಗುಬ್ಬಿ ಕಂಪನಿ 1884ರಲ್ಲಿ ಶುರುವಾಗಿದ್ದು. ಅಂದರೆ ಸಿನಿಮಾ ಅನ್ನೋದು ಇನ್ನೂ ಹುಟ್ಟೇ ಇರಲಿಲ್ಲ. ವೀರಣ್ಣನವರು ಅದರಲ್ಲಿ ಹುಡುಗನಾಗಿ ಸೇರಿ, ಕೊನೆಗೆ ಯಜಮಾನರಾದವರು. 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ, ಕುದುರೆಯನ್ನೇ ರಂಗದ ಮೇಲೆ ತಂದರು ಅನ್ನೋದು ನಮ್ಮ ಅಜ್ಜಂದಿರ ಕಾಲದಿಂದ ಕೇಳಿಕೊಂಡು ಬಂದ ಮಾತು. 'ಸದಾರಮೆ' ನಾಟಕದ ಕಳ್ಳನ ಪಾತ್ರಕ್ಕೆ ಅವರು ಹೆಸರುವಾಸಿ. 1935ರಲ್ಲೇ ಅದು ಸಿನಿಮಾ ಆಯಿತು. ಇನ್ನೊಂದು ವಿಷಯ ನೋಡಿ. ಅಣ್ಣಾವ್ರ ತಂದೆ ಪುಟ್ಟಸ್ವಾಮಯ್ಯನವರು ಇದೇ ಗುಬ್ಬಿ ಕಂಪನಿಯ ನಟರು. ಅಣ್ಣಾವ್ರು ಬೆಳೆದಿದ್ದು ಆ ಕಂಪನಿಯ ಬಿಡಾರದಲ್ಲಿ. ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು, ಎಲ್ಲ ಅದೇ ಗರಡಿಯವರು. 'ಹಳೇ ಪಿಕ್ಚರಿನಲ್ಲಿ ಎಲ್ಲರೂ ಜೋರಾಗಿ ಮಾತಾಡುತ್ತಾರೆ' ಅಂತ ಈಗಿನ ಹುಡುಗರು ನಗುತ್ತಾರಲ್ಲ, ಅದಕ್ಕೆ ಕಾರಣ ಇದು. ಮೈಕ್ ಇಲ್ಲದ ಕಾಲದಲ್ಲಿ ಕೊನೇ ಬೆಂಚಿನವನಿಗೆ ಮಾತು ಮುಟ್ಟಿಸಿದ ಗಂಟಲುಗಳು ಅವು. ಸಿನಿಮಾಕ್ಕೆ ಬಂದ ತಕ್ಷಣ ತಗ್ಗುತ್ತವಾ? ನನ್ನ ಕೇಳಿದರೆ, ತಗ್ಗದಿದ್ದದ್ದೇ ಒಳ್ಳೆಯದಾಯಿತು. ನಮ್ಮ ಟೆಂಟಿನ ಸ್ಪೀಕರ್ ಇದ್ದ ಸ್ಥಿತಿಗೆ ಆ ಗಂಟಲೇ ಸರಿ.

ಇಲ್ಲಿ ಒಂದು ಚೀಟಿ ಬಂದಿದೆ. 'ಅಣ್ಣಾವ್ರಿಗೆ ಮೊದಲು ಹಾಡಿದ್ದು ಪಿ.ಬಿ. ಶ್ರೀನಿವಾಸ್ ಅಲ್ವಾ?' ಅಲ್ಲ. ಟೈಟಲ್ ಕಾರ್ಡು ಓದಿ ಅಂದಿದ್ದು ಇದಕ್ಕೇ. 'ಬೇಡರ ಕಣ್ಣಪ್ಪ'ದ 'ಶಿವಪ್ಪ ಕಾಯೋ ತಂದೆ' ಎಲ್ಲರ ಬಾಯಲ್ಲೂ ಇದೆ. ಭಜನೆಯಲ್ಲೂ ಹಾಡುತ್ತಾರೆ. ಅದನ್ನು ಹಾಡಿದ್ದು ಸಿ.ಎಸ್. ಜಯರಾಮನ್, ತಮಿಳಿನ ಗಾಯಕರು. ಸಂಗೀತ ಆರ್. ಸುದರ್ಶನಂ. ಹೊಟ್ಟೆ ಹಸಿದವನ ದನಿ ಅದರಲ್ಲಿ ಇದೆ ನೋಡಿ, ಪಿ.ಬಿ.ಎಸ್. ಅವರದು ಅಷ್ಟು ನಯವಾದ ದನಿ, ಅವರು ಹಾಡಿದ್ದರೆ ಅದು ಬರುತ್ತಿತ್ತಾ ಅಂತ ನನಗೆ ಅನುಮಾನ. ಪಿ.ಬಿ.ಎಸ್. ಅಭಿಮಾನಿಗಳು ಕ್ಷಮಿಸಬೇಕು.

ಅದರ ಜೊತೆಗೇ ಇನ್ನೊಂದು. 'ಅಣ್ಣಾವ್ರು ಹಾಡೋಕೆ ಶುರು ಮಾಡಿದ್ದು ಯಾರೇ ಕೂಗಾಡಲಿ ಹಾಡಿನಿಂದ' ಅಂತ ಎಲ್ಲರೂ ಹೇಳುತ್ತಾರೆ. ಅದು 1974ರ 'ಸಂಪತ್ತಿಗೆ ಸವಾಲ್'. ಆದರೆ ಅದಕ್ಕೂ 15 ವರ್ಷ ಮುಂಚೆ, 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿ ಜೊತೆ 'ತುಂಬಿತು ಮನವ' ಹಾಡಿದ್ದು ಅವರೇ. ಎರಡಕ್ಕೂ ಸಂಗೀತ ಜಿ.ಕೆ. ವೆಂಕಟೇಶ್. ಅಂದರೆ ಜಿ.ಕೆ.ವಿ.ಗೆ ಆ ಗಂಟಲು ಏನು ಅಂತ ಮೊದಲೇ ಗೊತ್ತಿತ್ತು. 1974ರ ಹಾಡು ಬಂದಾಗ ಟಾಕೀಸಿನಲ್ಲಿ ಶಿಳ್ಳೆಯೋ ಶಿಳ್ಳೆ. ಎಮ್ಮೆ ಮೇಲೆ ಕೂತು ಹಾಡುವ ಹಾಡು ತಾನೇ, ನಮ್ಮ ಕಡೆಯವರಿಗೆ ಅದಕ್ಕಿಂತ ಇನ್ನೇನು ಬೇಕು.

ಈಗ ನರಸಿಂಹರಾಜು ಬಗ್ಗೆ ಸ್ವಲ್ಪ ನಿಂತು ಮಾತಾಡುತ್ತೇನೆ. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದವರು, 1979ರಲ್ಲಿ ತೀರಿಕೊಂಡರು. ಅಣ್ಣಾವ್ರಿಗಿಂತ 6 ವರ್ಷಕ್ಕೆ ದೊಡ್ಡವರು. ಅವರ ಬಗ್ಗೆ ಮಾತು ಬಂದರೆ ಜನ ಹಲ್ಲಿನ ಬಗ್ಗೆ ಮಾತಾಡುತ್ತಾರೆ, ಸಣಕಲು ಮೈ ಬಗ್ಗೆ ಮಾತಾಡುತ್ತಾರೆ. ಅದು ನನಗೆ ಸರಿ ಬರೋದಿಲ್ಲ. ಹಲ್ಲು ಉಬ್ಬಿದವರೆಲ್ಲ ನರಸಿಂಹರಾಜು ಆಗಲಿಲ್ಲವಲ್ಲ.

ಅವರನ್ನು ನೋಡಬೇಕಾದರೆ ಅವರು ಮಾತಾಡುವಾಗ ನೋಡಬೇಡಿ. ಬೇರೆಯವರು ಮಾತಾಡುವಾಗ ನೋಡಿ. ಹೀರೋ ಉದ್ದ ಡೈಲಾಗ್ ಹೇಳುತ್ತಿರುತ್ತಾನೆ, ಇವರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುತ್ತಾರೆ. ಆ ಕೇಳಿಸಿಕೊಳ್ಳೋದರಲ್ಲೇ ಜನ ನಗೋಕೆ ಶುರು ಮಾಡುತ್ತಾರೆ. ಕುತ್ತಿಗೆ ಸ್ವಲ್ಪ ಮುಂದೆ ಬರುತ್ತದೆ. ಕಣ್ಣು ಒಂದು ಸಲ ಹೀರೋ ಕಡೆ, ಒಂದು ಸಲ ನಮ್ಮ ಕಡೆ. ಬಾಯಿ ಏನೋ ಹೇಳೋಕೆ ತೆರೆದು ಮುಚ್ಚಿಕೊಳ್ಳುತ್ತದೆ. ನಾಟಕದಲ್ಲಿ ಇದು ಸುಲಭ, ಜನ ಎದುರಿಗೇ ಇರುತ್ತಾರೆ, ನಗು ಕೇಳಿಸುತ್ತದೆ, ಅದಕ್ಕೆ ತಕ್ಕ ಹಾಗೆ ನಿಲ್ಲಿಸಬಹುದು. ಸ್ಟುಡಿಯೋದಲ್ಲಿ ನಗುವವರು ಯಾರೂ ಇಲ್ಲ. ಜನ ಇಲ್ಲಿ ಇಷ್ಟು ಹೊತ್ತು ನಗುತ್ತಾರೆ ಅಂತ ಮೊದಲೇ ಲೆಕ್ಕ ಹಾಕಿ ಮುಂದಿನ ಮಾತು ತಡೆದು ಹೇಳಬೇಕು. ನರಸಿಂಹರಾಜು ಅವರ ಲೆಕ್ಕ ತಪ್ಪುತ್ತಿರಲಿಲ್ಲ. ನಾನು ಕಿಂಡಿಯಿಂದ ಎಷ್ಟೋ ಸಲ ನೋಡಿದ್ದೇನೆ. ಜನರ ನಗು ಇಳಿಯೋದಕ್ಕೂ ಅವರ ಮುಂದಿನ ಮಾತು ಬರೋದಕ್ಕೂ ಸರಿ ಹೋಗುತ್ತಿತ್ತು. ಬೇರೆ ಎಷ್ಟೋ ಹಾಸ್ಯಗಾರರ ಎರಡನೇ ಮಾತು ನಗುವಿನಲ್ಲಿ ಮುಳುಗಿ ಹೋಗುತ್ತಿತ್ತು.

1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ಅವರದು ನಕ್ಷತ್ರಿಕನ ಪಾತ್ರ. ವಿಶ್ವಾಮಿತ್ರನ ಸಾಲ ವಸೂಲಿಗೆ ರಾಜನ ಹಿಂದೆ ಬೀಳುವವನು. ಕಥೆಯಲ್ಲಿ ಅವನಿಗಿಂತ ಹಿಂಸೆ ಕೊಡುವವನು ಇನ್ನೊಬ್ಬ ಇಲ್ಲ. ಹೆಂಡತಿ ಮಗನನ್ನು ಮಾರುವ ಸ್ಥಿತಿಗೆ ಬಂದವನನ್ನು ಬಿಡದೆ ಪೀಡಿಸುತ್ತಾನೆ. ಅಂಥವನ ಪಾತ್ರಕ್ಕೆ ಹಾಸ್ಯಗಾರನನ್ನು ಹಾಕಿದ್ದಾರೆ ನೋಡಿ, ನಿರ್ದೇಶಕ ಹುಣಸೂರು ಕೃಷ್ಣಮೂರ್ತಿಗಳಿಗೆ ಕೈ ಮುಗಿಯಬೇಕು. ಜನ ನಗುತ್ತಾರೆ, ನಕ್ಕ ಮೇಲೆ ನಕ್ಕಿದ್ದಕ್ಕೆ ನಾಚಿಕೆ ಪಡುತ್ತಾರೆ. ಸಾಲ ಕೊಟ್ಟವನು ಮನೆ ಮುಂದೆ ಬಂದು ನಿಂತ ಅನುಭವ ಇದ್ದವರು ನಮ್ಮ ಟೆಂಟಿನಲ್ಲಿ ಕಮ್ಮಿ ಇರಲಿಲ್ಲ. ಆ ಭಾಗಕ್ಕೆ ಬೀಡಿ ಸೇದೋಕೆ ಎದ್ದವರನ್ನು ನಾನು ನೋಡಿಲ್ಲ.

ಹಾಗಂತ ಅವರು ಮಾಡಿದ್ದೆಲ್ಲ ಬಂಗಾರ ಅಂತ ನಾನು ಹೇಳೋದಿಲ್ಲ. 60ರ ದಶಕದ ಎಷ್ಟೋ ಪಿಕ್ಚರಿನಲ್ಲಿ ಕಾಮಿಡಿ ಅನ್ನೋದು ಬೇರೆಯೇ ಟ್ರ್ಯಾಕು. ಮುಖ್ಯ ಕಥೆಗೂ ಅದಕ್ಕೂ ಸಂಬಂಧ ಇಲ್ಲ. ಅದು ಬಂದಾಗ ಜನ ಕಡಲೆಕಾಯಿ ಬಿಡಿಸೋಕೆ ಶುರು ಮಾಡುತ್ತಿದ್ದರು. ನರಸಿಂಹರಾಜು, ಬಾಲಕೃಷ್ಣ ಇಬ್ಬರೂ ಇದ್ದರೂ ಅಷ್ಟೇ. ಅದು ನಟರ ತಪ್ಪಲ್ಲ, ಬರೆದವರ ಸೋಮಾರಿತನ. ಒಂದು ಬೇಕಾದರೆ ಹೇಳಿ ಬಿಡುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಈ ಇಬ್ಬರೂ ರಾಜ್‌ಕುಮಾರ್, ಜಿ.ವಿ. ಅಯ್ಯರ್ ಜೊತೆ ಸೇರಿ 1960ರಲ್ಲಿ 'ರಣಧೀರ ಕಂಠೀರವ' ಮಾಡಿದರು. ಕಲಾವಿದರೇ ಸಂಘ ಕಟ್ಟಿಕೊಂಡು ಮಾಡಿದ ಚಿತ್ರ. ಕೈಯಲ್ಲಿ ಕೆಲಸ ಇಲ್ಲದ ಕಷ್ಟದ ಕಾಲದಲ್ಲಿ ನಟರೇ ನಿರ್ಮಾಪಕರಾದರು.

ಪಾವಗಡದಿಂದ ಬಂದವರು ಇಲ್ಲಿ ಇದ್ದಾರೆ ಅಂತ ಕಾಣುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರೂ ಇದ್ದೀರಿ. ನಿಮ್ಮ ಜೊತೆ ವಾದ ಮಾಡೋದು ಕಷ್ಟ. ಯಾಕೆಂದರೆ ನೀವು ಗಡಿಯವರು, ಕನ್ನಡ ತೆಲುಗು ಎರಡೂ ಕಡೆಯ ಪಿಕ್ಚರ್ ನೋಡಿದವರು. ಬೆಂಗಳೂರಿನವರು ಅಣ್ಣಾವ್ರ ರಾವಣನನ್ನು ನೋಡಿದ್ದರೆ, ನೀವು ಎನ್‌ಟಿಆರ್ ರಾವಣನನ್ನೂ ನೋಡಿರುತ್ತೀರಿ.

ಇದು ನಿಜವಾಗಿಯೂ ಚೆನ್ನಾಗಿರುವ ಆಟ. 1958ರ 'ಭೂಕೈಲಾಸ' ತೆಗೆದುಕೊಳ್ಳಿ. ಎವಿಎಂ ಅದನ್ನು ಕನ್ನಡದಲ್ಲೂ ತೆಲುಗಿನಲ್ಲೂ ಮಾಡಿತು. ನಿರ್ದೇಶಕರು ಒಬ್ಬರೇ, ಕೆ. ಶಂಕರ್. ಎರಡರಲ್ಲೂ ಮಂಡೋದರಿ ಜಮುನಾ. ರಾವಣ ಮಾತ್ರ ಬೇರೆ. ತೆಲುಗಿನಲ್ಲಿ ನಾರದ ಅಕ್ಕಿನೇನಿ, ಕನ್ನಡದಲ್ಲಿ ಕಲ್ಯಾಣ್ ಕುಮಾರ್. 'ರಾಮನ ಅವತಾರ' ಹಾಡಿದೆಯಲ್ಲ, ಅದನ್ನು ಕನ್ನಡದಲ್ಲಿ ಹಾಡಿದ್ದು ಶೀರ್ಕಾಳಿ ಗೋವಿಂದರಾಜನ್, ಬರೆದಿದ್ದು ಕು.ರಾ.ಸೀ. ಅದನ್ನೂ ಎಷ್ಟೋ ಜನ ಪಿ.ಬಿ.ಎಸ್. ಲೆಕ್ಕಕ್ಕೇ ಬರೆಯುತ್ತಾರೆ. ಒಂದೇ ಕಥೆ, ಇಬ್ಬರು ರಾವಣರು. ಯಾರು ಹೆಚ್ಚು? ನನ್ನ ಅಭಿಪ್ರಾಯ ಹೇಳುತ್ತೇನೆ, ಕುರ್ಚಿ ಎಸೆಯಬೇಡಿ. ಗತ್ತಿಗೆ ಎನ್‌ಟಿಆರ್. ಕಿರೀಟ ಇಟ್ಟುಕೊಂಡು ನಡೆದು ಬಂದರೆ ರಾಜ ಬಂದ ಅಂತ ಗೊತ್ತಾಗುತ್ತದೆ. ಆದರೆ ಆತ್ಮಲಿಂಗ ಕೈ ತಪ್ಪಿದ ಮೇಲೆ ರಾವಣ ಅಳಬೇಕಲ್ಲ, ಅಲ್ಲಿ ಅಣ್ಣಾವ್ರು. ರಾಕ್ಷಸ ಹೋಗಿ ಭಕ್ತ ಉಳಿಯುತ್ತಾನೆ.

'ಸತ್ಯ ಹರಿಶ್ಚಂದ್ರ'ವೂ ಹಾಗೆಯೇ. ಕೆ.ವಿ. ರೆಡ್ಡಿಯವರು ಎರಡೂ ಭಾಷೆಯಲ್ಲಿ ಮಾಡಿಸಿದರು. ತೆಲುಗಿನಲ್ಲಿ ಎನ್‌ಟಿಆರ್. ಅಲ್ಲಿ ಅಷ್ಟಾಗಿ ಓಡಲಿಲ್ಲ, ಇಲ್ಲಿ ಈಗಲೂ ಓಡುತ್ತಿದೆ. ತಮಾಷೆ ಏನು ಗೊತ್ತಾ? ನಮ್ಮ ಕನ್ನಡದ್ದು ಅಂತ ಎದೆ ತಟ್ಟಿಕೊಂಡು ಹಾಡುವ 'ಕುಲದಲ್ಲಿ ಕೀಳ್ಯಾವುದೋ' ಹಾಡಿಗೆ ದನಿ ತೆಲುಗಿನ ಘಂಟಸಾಲ ಅವರದು, ಸಂಗೀತ ಪೆಂಡ್ಯಾಲ ನಾಗೇಶ್ವರರಾಯರದು. ಪರದೆ ಮೇಲೆ ಎಂ.ಪಿ. ಶಂಕರ್.

ಪಾವಗಡದವರಿಗೆ ಒಂದು ಪ್ರಶ್ನೆ. ರಾಜ್‌ಕುಮಾರ್ ನಟಿಸಿದ ತೆಲುಗು ಚಿತ್ರ ಯಾವುದು? ಹಾಂ, ಹಿಂದಿನಿಂದ ಉತ್ತರ ಬಂತು. 'ಕಾಳಹಸ್ತಿ ಮಹಾತ್ಯಂ', 1954. 'ಬೇಡರ ಕಣ್ಣಪ್ಪ'ದ ತೆಲುಗು ರೂಪ. ಅದೊಂದೇ. ಆಮೇಲೆ ಅವರು ಬೇರೆ ಭಾಷೆಯ ಕಡೆ ಹೋಗಲಿಲ್ಲ. ನಮ್ಮ ಕಡೆಯ ಪಿಕ್ಚರು ಇನ್ನೊಂದಿದೆ, ಅದನ್ನು ಚಿಂತಾಮಣಿಯವರು ಬಿಟ್ಟರೆ ಯಾರೂ ನೆನಪಿಟ್ಟುಕೊಂಡಿಲ್ಲ. 1961ರ 'ಕೈವಾರ ಮಹಾತ್ಮೆ'. ರಾಜ್‌ಕುಮಾರ್ ಅವರದೇ. ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದವರು. ಗಡಿ ನಾಡಿನ ಸಂತನ ಬಗ್ಗೆ ಗಡಿ ನಾಡಿನವರು ಬಂಡಿ ಕಟ್ಟಿಕೊಂಡು ಹೋಗಿ ನೋಡಿದ ಪಿಕ್ಚರು ಅದು ಅಂತ ಹಿರಿಯರು ಹೇಳುತ್ತಿದ್ದರು.

ಇನ್ನೊಂದು ಚೀಟಿ. 'ಟಿವಿಯಲ್ಲಿ ಹಳೇ ಸಿನಿಮಾ ನೋಡುವಾಗ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಬಂದು ಹೋಗುತ್ತದೆ, ಅದೇನು?' ಆಹಾ. ಇದು ನನ್ನ ಪ್ರಶ್ನೆ.

ಆ ಚುಕ್ಕಿ ನಿಮಗಲ್ಲ, ನನಗೆ. 35 ಎಂಎಂ ಪಿಕ್ಚರು ಒಂದೇ ಸುರುಳಿಯಲ್ಲಿ ಬರುತ್ತಿರಲಿಲ್ಲ. 1000 ಅಡಿಯ ಒಂದು ರೀಲು ಓಡೋದು ಸುಮಾರು 11 ನಿಮಿಷ. ಎರಡು ರೀಲು ಸೇರಿಸಿ 2000 ಅಡಿ ಮಾಡಿದರೆ 22 ನಿಮಿಷ. ಟಾಕೀಸಿನಲ್ಲಿ ಎರಡು ಮಿಷನ್. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದು ಸಿದ್ಧ ಇರಬೇಕು. ಮುಗಿಯೋಕೆ ಸುಮಾರು 8 ಸೆಕೆಂಡ್ ಇದೆ ಅನ್ನುವಾಗ ಮೊದಲ ಚುಕ್ಕಿ ಬರುತ್ತದೆ. ಎರಡನೇ ಮಿಷನ್ನಿನ ಮೋಟರ್ ಹಾಕು ಅಂತ ಅರ್ಥ. ಒಂದು ಸೆಕೆಂಡ್ ಇದೆ ಅನ್ನುವಾಗ ಎರಡನೇ ಚುಕ್ಕಿ. ಆಗ ಇದನ್ನು ಮುಚ್ಚಿ ಅದನ್ನು ತೆರೆಯಬೇಕು. ಕೆಲವು ಪ್ರಿಂಟಿನಲ್ಲಿ ಆ ಚುಕ್ಕಿ ಅಳಿಸಿ ಹೋಗಿರುತ್ತಿತ್ತು. ಆಗ ಯಾರೋ ಆಪರೇಟರ್ ಮೊಳೆಯಿಂದ ಗೀಚಿ ಗುರುತು ಮಾಡಿರುತ್ತಿದ್ದ. ಅವನ ಮೇಲೆ ಇನ್ನೊಬ್ಬ ಗೀಚಿರುತ್ತಿದ್ದ. ಊರೂರು ಸುತ್ತಿ ನಮ್ಮ ಹತ್ತಿರ ಬರುವಾಗ ಮೂಲೆಯಲ್ಲಿ ನಾಲ್ಕೈದು ಗೀಚು. ಯಾವುದನ್ನು ನಂಬೋದು?

ಟೆಂಟಿನಲ್ಲಿ ಈ ತಾಪತ್ರಯ ಇಲ್ಲ. ಅಲ್ಲಿ ಒಂದೇ ಮಿಷನ್. ರೀಲು ಮುಗಿದರೆ ಲೈಟ್ ಹಾಕು, ಬದಲಾಯಿಸು. ಅದಕ್ಕೇ ಟೆಂಟಿನಲ್ಲಿ ಮೂರು ನಾಲ್ಕು ಇಂಟರ್‌ವಲ್. ಸೋಡಾ, ಕಡಲೆಕಾಯಿಯವರಿಗೆ ಹಬ್ಬ. ಬೆಳಕಿಗೆ ಕಾರ್ಬನ್ ಕಡ್ಡಿ. ಎರಡು ಕಡ್ಡಿಯ ತುದಿ ನಡುವೆ ಕಿಡಿ ಉರಿಯುತ್ತದೆ, ಉರಿದಂತೆ ಕಡ್ಡಿ ಸವೆಯುತ್ತದೆ, ನಡುವಿನ ಅಂತರ ಜಾಸ್ತಿ ಆಗುತ್ತದೆ, ಬೆಳಕು ಮಂಕಾಗುತ್ತದೆ. ತಿರುಗಿಸಿ ಹತ್ತಿರ ತರುತ್ತಲೇ ಇರಬೇಕು. ಒಂದು ಚೂರು ಮರೆತರೆ ಕೆಳಗಿನಿಂದ 'ಲೈಟ್ ಲೈಟ್' ಅಂತ ಶಿಳ್ಳೆ, ಜೊತೆಗೆ ಆಪರೇಟರ್ ಮನೆತನದ ಬಗ್ಗೆ ನಾಲ್ಕು ಮಾತು.

ಫಿಲಂ ತುಂಡಾದರೆ ಏನು ಮಾಡುತ್ತಿದ್ದೆವು ಅಂತಲೂ ಹೇಳಿಬಿಡುತ್ತೇನೆ. ಎರಡೂ ತುದಿ ಕತ್ತರಿಸಿ, ಒಂದು ತುದಿಯ ಮೇಲಿನ ಪದರವನ್ನು ಬ್ಲೇಡಿನಿಂದ ಕೆರೆದು, ಸಲ್ಯೂಷನ್ ಹಚ್ಚಿ, ತೂತಿಗೆ ತೂತು ಕೂರಿಸಿ ಒತ್ತಿ ಹಿಡಿಯೋದು. ಒಂದೊಂದು ಸಲಕ್ಕೂ ಒಂದಷ್ಟು ಫ್ರೇಮು ಹೋಗುತ್ತದೆ. ಸೆಕೆಂಡಿಗೆ 24 ಫ್ರೇಮು. ಊರಿಗೊಂದು ಸಲ ತುಂಡಾದರೆ ಹಾಡಿನ ಒಂದು ಸಾಲೇ ಹಾರಿ ಹೋಗುತ್ತದೆ. 'ನಮ್ಮೂರಲ್ಲಿ ನೋಡಿದಾಗ ಆ ಹಾಡಿನಲ್ಲಿ ಈ ಚರಣ ಇರಲಿಲ್ಲ' ಅಂತ ಅಭಿಮಾನಿಗಳು ವಾದ ಮಾಡುತ್ತಾರಲ್ಲ, ಅವರು ಸುಳ್ಳು ಹೇಳುತ್ತಿಲ್ಲ. ಅವರ ಊರಿನ ಪ್ರಿಂಟಿನಲ್ಲಿ ನಿಜಕ್ಕೂ ಇರಲಿಲ್ಲ.

ಚುಕ್ಕಿಯಿಂದ ಎಲ್ಲಿಗೋ ಹೋದೆ. ಬಣ್ಣದ ವಿಷಯಕ್ಕೆ ಬರುತ್ತೇನೆ. ಕನ್ನಡದ ಮೊದಲ ಪೂರ್ತಿ ಬಣ್ಣದ ಚಿತ್ರ 1964ರ 'ಅಮರಶಿಲ್ಪಿ ಜಕಣಾಚಾರಿ'. ಇದು ಎಲ್ಲ ಕ್ವಿಜ್‌ನಲ್ಲೂ ಇರುತ್ತದೆ. ಆದರೆ ತುಮಕೂರಿನವರು ಇದನ್ನು ಬೇರೆ ಥರ ನೋಡಬೇಕು. ಜಕಣಾಚಾರಿ ಕಥೆ ಮುಗಿಯೋದು ಎಲ್ಲಿ? ಗೂಳೂರಿನ ಹತ್ತಿರದ ಕೈದಾಳದಲ್ಲಿ. ಬೇಲೂರಿನಲ್ಲಿ ಮಗ ಡಂಕಣ ಕಲ್ಲಿನೊಳಗಿನ ಕಪ್ಪೆ ತೋರಿಸುತ್ತಾನೆ, ಅಪ್ಪ ತನ್ನ ಕೈ ಕಡಿದುಕೊಳ್ಳುತ್ತಾನೆ. ಆಮೇಲೆ ಕೈದಾಳದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಮತ್ತೆ ಬಂತು ಅನ್ನೋದು ಕಥೆ. ನಮ್ಮ ಜನ ಗೂಳೂರು ಗಣೇಶನಿಗೆ ಹೋಗುತ್ತಾರೆ, ಅಲ್ಲೇ ಹತ್ತಿರದಲ್ಲಿರುವ ಕೈದಾಳಕ್ಕೆ ಹೋಗೋದಿಲ್ಲ.

ಗುಡಿಯ ಚರಿತ್ರೆ ಬೇರೆ ಹೇಳುತ್ತದೆ. ಹೊಯ್ಸಳ ಒಂದನೇ ನರಸಿಂಹನ ಕಾಲದಲ್ಲಿ, 1150ರ ಹೊತ್ತಿಗೆ, ಬಾಚಿ ಅನ್ನುವ ಸಾಮಂತ ಕಟ್ಟಿಸಿದ್ದು ಅಂತ ಶಾಸನ ಇದೆ. ಹೊಯ್ಸಳ ಗುಡಿಗಳಲ್ಲಿ ಮಲ್ಲಿತಮ್ಮನಂಥ ಶಿಲ್ಪಿಗಳು ವಿಗ್ರಹದ ಬುಡದಲ್ಲಿ ಹೆಸರು ಕೆತ್ತಿದ್ದಾರೆ. ಜಕಣಾಚಾರಿ ಅನ್ನುವವನು ಇದ್ದನೋ ಇಲ್ಲವೋ ಅನ್ನೋದರ ಬಗ್ಗೆ ವಿದ್ವಾಂಸರಿಗೆ ಅನುಮಾನ. ಮಲ್ಲಿತಮ್ಮ ಇದ್ದ ಅನ್ನೋದಕ್ಕೆ ಅವನ ಸಹಿ ಇದೆ, ಅವನ ಮೇಲೆ ಮಾತ್ರ ಯಾರೂ ಸಿನಿಮಾ ಮಾಡಲಿಲ್ಲ. ಅದೂ ಟೈಟಲ್ ಕಾರ್ಡೇ ಅಲ್ವಾ, ನಾವೇ ಓದಲಿಲ್ಲ.

ಈ ಚಿತ್ರದ ನಿಜವಾದ ಹೀರೋ ಬಿ.ಎಸ್. ರಂಗಾ. ನಿರ್ಮಾಪಕ, ನಿರ್ದೇಶಕ, ಅದಕ್ಕೂ ಮೊದಲು ಕ್ಯಾಮೆರಾಮನ್. ಕಲ್ಯಾಣ್ ಕುಮಾರ್, ಸರೋಜಾದೇವಿ ಇದ್ದರು. ತೆಲುಗಿನಲ್ಲೂ ಮಾಡಿದರು, ಅಲ್ಲಿ ಅಕ್ಕಿನೇನಿ, ಜೊತೆಗೆ ಅದೇ ಸರೋಜಾದೇವಿ. ನನ್ನ ಅಭಿಪ್ರಾಯ ಕೇಳಿದರೆ, ಕಥೆ ಎಳೆದಾಡಿದ್ದಾರೆ. ಕಲ್ಲಿನ ಶಿಲ್ಪಗಳ ಮುಂದೆ ಅವೇ ಭಂಗಿಯಲ್ಲಿ ಸರೋಜಾದೇವಿ ನಿಲ್ಲುವ ಕಡೆ ಮಾತ್ರ ಬಣ್ಣಕ್ಕೆ ಬೆಲೆ ಬಂದಿದೆ. ಬೂದು ಕಲ್ಲು, ಪಕ್ಕದಲ್ಲಿ ಜೀವ ಇರುವ ಬಣ್ಣ. ರಂಗಾ ಅವರಿಗೆ ಬಣ್ಣ ಯಾಕೆ ಬೇಕಿತ್ತು ಅನ್ನೋದು ಅಲ್ಲಿ ಗೊತ್ತಾಗುತ್ತದೆ.

ಅದಕ್ಕೇ ಹಳೇ ಕಪ್ಪು ಬಿಳುಪು ಚಿತ್ರಕ್ಕೆ ಈಗ ಕಂಪ್ಯೂಟರಿನಲ್ಲಿ ಬಣ್ಣ ಬಳಿಯೋದು ನನಗೆ ಒಪ್ಪಿಗೆ ಇಲ್ಲ. 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ ಬಳಿದರು, 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ. ಜನ ಮುಗಿಬಿದ್ದು ನೋಡಿದರು, ಹೊಸ ತಲೆಮಾರಿಗೂ ತಲುಪಿತು, ಅದು ಸಂತೋಷ. ಆದರೆ ಆ ಕ್ಯಾಮೆರಾಮನ್ ನೆರಳು ಲೆಕ್ಕ ಹಾಕಿ ಲೈಟ್ ಇಟ್ಟಿದ್ದು. ಸ್ಮಶಾನದ ಸೀನಿಗೆ ಕತ್ತಲೆಯೇ ಬಣ್ಣ. ಅದರ ಮೇಲೆ ನೀಲಿ ಬಳಿದರೆ ಏನು ಬಂತು? ಬಣ್ಣದ್ದನ್ನು ನೋಡಿ ಖುಷಿಪಟ್ಟವರು ಹಳೆಯದನ್ನೂ ಒಂದು ಸಲ ನೋಡಿ, ಆಮೇಲೆ ನನ್ನ ಜೊತೆ ವಾದಕ್ಕೆ ಬನ್ನಿ.

ಇರೋದಕ್ಕೆ ಬಣ್ಣ ಬಳಿಯುತ್ತೇವೆ, ಎಷ್ಟೋ ಚಿತ್ರಗಳು ಇಲ್ಲವೇ ಇಲ್ಲ. ನಾವು ತಾರೀಖು ಹೇಳಿ ಜಗಳ ಆಡುವ 'ಸತಿ ಸುಲೋಚನಾ'ದ ಪ್ರಿಂಟು ಉಳಿದಿಲ್ಲ. ಆಗಿನ ನೈಟ್ರೇಟ್ ಫಿಲಂ ಬೆಂಕಿಗೆ ತುತ್ತು. ಉಳಿದಿದ್ದನ್ನು ಅದರಲ್ಲಿರುವ ಬೆಳ್ಳಿಗಾಗಿ ಗುಜರಿಗೆ ಹಾಕಿದವರೂ ಇದ್ದರು. ಪುಣೆಯ ಫಿಲಂ ಆರ್ಕೈವ್ ಶುರುವಾಗಿದ್ದೇ 1964ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಮಾತಿನ ಚಿತ್ರಕ್ಕೆ 30 ವರ್ಷ ಆಗಿತ್ತು.

ಮುಂದಿನ ಸಾಲಿನ ಅಮ್ಮ ಒಬ್ಬರು ಚೀಟಿಯಲ್ಲಿ ಸರಿಯಾಗಿ ಬೈದಿದ್ದಾರೆ. 'ಬರೀ ಗಂಡಸರ ಹೆಸರು ಹೇಳುತ್ತಿದ್ದೀರಿ.' ತಗೊಳ್ಳಿ ಅಮ್ಮಾ. ಪಂಢರಿಬಾಯಿ. 1952ರಲ್ಲಿ ತಮಿಳಿನ 'ಪರಾಶಕ್ತಿ', ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ, ಜೊತೆಗೆ ಪಂಢರಿಬಾಯಿ. 1954ರಲ್ಲಿ 'ಬೇಡರ ಕಣ್ಣಪ್ಪ', ಅಣ್ಣಾವ್ರು ಹೀರೋ ಆದ ಮೊದಲ ಚಿತ್ರ, ಜೊತೆಗೆ ಪಂಢರಿಬಾಯಿ. ಎರಡು ನಾಡಿನ ಎರಡು ದೊಡ್ಡ ನಟರು ಪರದೆಗೆ ಬಂದಾಗ ಎದುರಿಗೆ ನಿಂತಿದ್ದು ಒಬ್ಬರೇ ಹೆಣ್ಣುಮಗಳು. ಹೊಸಬರ ಪಕ್ಕ ಗಟ್ಟಿ ನಟಿ ಇರಬೇಕು ಅಂತ ನಿರ್ಮಾಪಕರಿಗೆ ಗೊತ್ತಿತ್ತು. ಆಮೇಲೆ ಅದೇ ಅಣ್ಣಾವ್ರಿಗೆ ಅವರು ತಾಯಿಯಾಗಿ ಬಂದರು. ಹೀರೋಗೆ ವಯಸ್ಸಾಗೋದಿಲ್ಲ, ಹೀರೋಯಿನ್‌ಗೆ ಮಾತ್ರ ಆಗುತ್ತದೆ. ಅದು ಆಗಲೂ ಹಾಗೇ ಇತ್ತು.

ಇನ್ನೊಬ್ಬರು ಎಂ.ವಿ. ರಾಜಮ್ಮ. 1936ರ 'ಸಂಸಾರ ನೌಕೆ'ಯಲ್ಲಿ ನಾಯಕಿ, ಜೊತೆಗೆ ಬಿ.ಆರ್. ಪಂತುಲು. ನಿರ್ದೇಶಕರು ಮತ್ತೆ ಅದೇ ಎಚ್.ಎಲ್.ಎನ್. ಸಿಂಹ. 1943ರಲ್ಲಿ ರಾಜಮ್ಮನವರು 'ರಾಧಾರಮಣ' ನಿರ್ಮಾಣ ಮಾಡಿದರು. ಬಾಲಕೃಷ್ಣ, ಜಿ.ವಿ. ಅಯ್ಯರ್ ಪರದೆಗೆ ಬಂದಿದ್ದು ಆ ಚಿತ್ರದಲ್ಲಿ. ಹೆಣ್ಣುಮಗಳೊಬ್ಬಳು ದುಡ್ಡು ಹಾಕಿ ಪಿಕ್ಚರ್ ತೆಗೆದು ಇಂಥ ಇಬ್ಬರನ್ನು ಕರೆತಂದಳು. 1958ರಲ್ಲಿ ಅದೇ ಪಂತುಲು, ಅದೇ ರಾಜಮ್ಮ 'ಸ್ಕೂಲ್ ಮಾಸ್ಟರ್'ನಲ್ಲಿ ವಯಸ್ಸಾದ ಗಂಡ ಹೆಂಡತಿ. 22 ವರ್ಷ ಒಟ್ಟಿಗೆ ಕೆಲಸ ಮಾಡಿದ ಜೋಡಿ. ಆ ಚಿತ್ರದಲ್ಲಿ ಅವರಿಬ್ಬರ ನಡುವಿನ ಸಲುಗೆ ನಟನೆ ಅಂತ ಅನ್ನಿಸೋದೇ ಇಲ್ಲ, ಅದಕ್ಕೆ ಇದೇ ಕಾರಣ ಇರಬೇಕು.

ಕೊನೇ ಚೀಟಿ. ಇದು ಬಂದೇ ಬರುತ್ತದೆ ಅಂತ ಗೊತ್ತಿತ್ತು. 'ನಿಮ್ಮ ಪ್ರಕಾರ ಹಳೇ ಕನ್ನಡ ಚಿತ್ರಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು?'

'ಬಂಗಾರದ ಮನುಷ್ಯ' ಅನ್ನುವವರು ಕೈ ಎತ್ತಿ. ನೋಡಿ, ಅರ್ಧ ಸಭೆ. 1972ರ ಆ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ವಾಪಸ್ ಹೋದವರ ಕಥೆ ಈ ಜಿಲ್ಲೆಯಲ್ಲೂ ಬೇಕಾದಷ್ಟು ಸಿಗುತ್ತದೆ. ಒಳ್ಳೆಯ ಚಿತ್ರವೇ. ಆದರೆ ಕೊನೆಯಲ್ಲಿ ರಾಜೀವ ಎಲ್ಲ ಬಿಟ್ಟು ಎದ್ದು ಹೋಗುತ್ತಾನಲ್ಲ, ಅದು ನನಗೆ ಯಾವತ್ತೂ ಸರಿ ಅನ್ನಿಸಲಿಲ್ಲ. ಬೋರು ಕೊರೆಸಿ, ಭೂಮಿ ಹದ ಮಾಡಿ ಬೆಳೆ ತೆಗೆದವನು ಹಾಗೆ ಹೋಗೋದಿಲ್ಲ. ಶಿರಾ ಕಡೆಯ ರೈತರನ್ನು ಕೇಳಿ ನೋಡಿ.

ನನ್ನ ಓಟು 'ನಾಂದಿ'ಗೆ. 1964, ಎನ್. ಲಕ್ಷ್ಮೀನಾರಾಯಣ್. ಕಿವಿ ಕೇಳದ, ಮಾತು ಬಾರದ ಹೆಂಡತಿಯ ಜೊತೆ ಬದುಕುವ ಮೇಷ್ಟರ ಕಥೆ. ರಾಜ್‌ಕುಮಾರ್, ಹರಿಣಿ, ಕಲ್ಪನಾ. ಫೈಟಿಂಗ್ ಇಲ್ಲ, ಕಿರೀಟ ಇಲ್ಲ. ಎಲ್ಲರೂ ಜೋರಾಗಿ ಮಾತಾಡುತ್ತಿದ್ದ ಕಾಲದಲ್ಲಿ ರಾಜ್‌ಕುಮಾರ್ ಅವರನ್ನು ಮೆಲ್ಲಗೆ ಮಾತಾಡಿಸಿದ ಚಿತ್ರ. ಇದನ್ನು ಹಾಕಿದಾಗ ಟಾಕೀಸು ತುಂಬಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಬಂದವರಲ್ಲಿ ಎದ್ದು ಹೋದವರು ಕಮ್ಮಿ. ನನ್ನ ಬೀಡಿ ಲೆಕ್ಕದಲ್ಲಿ ಅದಕ್ಕೇ ಮೊದಲ ಸ್ಥಾನ.

ತಲೆ ಅಲ್ಲಾಡಿಸುತ್ತಿರುವವರು ತುಂಬಾ ಜನ ಕಾಣುತ್ತಿದ್ದೀರಿ. ಚೀಟಿ ಮುಗಿದವು, ಹೊರಗೆ ಕಾಫಿ ಇದೆಯಂತೆ. 'ಬಂಗಾರದ ಮನುಷ್ಯ'ದವರು ಎಡಗಡೆ ನಿಲ್ಲಿ, ನಾನು ಒಬ್ಬನೇ ಬಲಗಡೆ ನಿಲ್ಲುತ್ತೇನೆ.